ಹದಿಹರೆಯದ ಮಕ್ಕಳ ಕೈಗೆ ಕಾರ್ಡ್ ಕೊಡುವ ಮುಂಚೆ

ಹದಿಮೂರು ಹದಿನಾಲ್ಕು ದಾಟಿದ ಮಕ್ಕಳಿಗೆ ಕೈಖರ್ಚಿಗೆ ಅಂತ ಸ್ವಲ್ಪ ದುಡ್ಡು ಬೇಕೇ ಬೇಕು. ನೋಟು ಕೊಟ್ಟರೆ ಕಳೆದುಕೊಂಡು ಬರುತ್ತಾರೆ, ಇಲ್ಲವೇ ಯಾರಾದರೂ ಕಿತ್ತುಕೊಳ್ಳುತ್ತಾರೆ. ಈಗ ಎಷ್ಟೋ ಕಡೆ ನೋಟು ತೆಗೆದುಕೊಳ್ಳುವವರೂ ಇಲ್ಲ. ಆನ್‌ಲೈನ್‌ನಲ್ಲಂತೂ ಅದು ನಡೆಯುವುದೇ ಇಲ್ಲ. ಹಾಗಾಗಿ ಅಪ್ಪನೋ ಅಮ್ಮನೋ ತಮ್ಮ ಕಾರ್ಡನ್ನೇ ಕೈಗಿಟ್ಟು ಪಿನ್ ಹೇಳಿಬಿಡುತ್ತಾರೆ. ಅಥವಾ ತಮ್ಮ ಖಾತೆಗೆ ಜೋಡಿಸಿರುವ ಆ್ಯಪನ್ನು ಮಗಳ ಫೋನಿಗೂ ಹಾಕಿಕೊಡುತ್ತಾರೆ. ಸುಲಭ ಅನ್ನುವುದು ನಿಜ. ಆದರೆ ಇರುವ ದಾರಿಗಳಲ್ಲೆಲ್ಲ ಇದೇ ಕೆಟ್ಟ ದಾರಿ.

ಯಾಕೆಂದರೆ, ಆ ಕಾರ್ಡಿನ ಹಿಂದೆ ನಿಮ್ಮ ಇಡೀ ಸಂಬಳ, ಉಳಿತಾಯ ಎಲ್ಲ ನಿಂತಿರುತ್ತದೆ. ಮಗು ಮಾಡಬೇಕಾದ್ದು ಸಣ್ಣ ಖರ್ಚು, ಅದಕ್ಕೆ ತೆರೆದಿಟ್ಟಿರುವುದು ಇಡೀ ಖಜಾನೆ. ಜೊತೆಗೆ ಪಿನ್ ಹಂಚಿಕೊಂಡರೆ ಅದು ನಿಮ್ಮದೇ ಅಜಾಗರೂಕತೆ ಅಂತ ಬ್ಯಾಂಕು ಹೇಳುತ್ತದೆ. ನಾಳೆ ಮೋಸವಾಗಿ ದುಡ್ಡು ಹೋದರೆ ವಾಪಸ್ ಕೇಳುವಾಗ ನಿಮ್ಮ ಮಾತಿಗೆ ಬಲವೇ ಇರುವುದಿಲ್ಲ. ಭಾರತದಲ್ಲಿ ರಿಸರ್ವ್ ಬ್ಯಾಂಕ್ 2017ರಲ್ಲಿ ತಂದ ನಿಯಮದಲ್ಲೇ ಇದು ಸ್ಪಷ್ಟವಾಗಿದೆ: ಗ್ರಾಹಕ ತನ್ನ ಪಾವತಿಯ ಗುಟ್ಟನ್ನು ತಾನೇ ಬೇರೆಯವರಿಗೆ ಕೊಟ್ಟಿದ್ದರೆ, ಬ್ಯಾಂಕಿಗೆ ದೂರು ಕೊಡುವವರೆಗಿನ ನಷ್ಟ ಅವನದೇ.

ಹಾಗಾದರೆ ಏನು ಕೊಡಬೇಕು? ಕಾರ್ಡಿನ ಬಣ್ಣ, ಆ್ಯಪಿನ ಹೆಸರು, ಜಾಹೀರಾತು ಇವನ್ನೆಲ್ಲ ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿ. ಎಲ್ಲ ಕೆಟ್ಟು ಹೋದರೂ ಇದರಿಂದ ಹೋಗಬಹುದಾದ ದುಡ್ಡು ಹೆಚ್ಚೆಂದರೆ ಎಷ್ಟು? ಈ ಪ್ರಶ್ನೆಗೆ ಸಣ್ಣದೊಂದು, ಖಚಿತವಾದ ಮೊತ್ತ ಉತ್ತರವಾಗಿ ಬಂದರೆ ಅದು ಮಕ್ಕಳಿಗೆ ಸೂಕ್ತ. ಬರದಿದ್ದರೆ ಅಲ್ಲ.

ತುಂಬಿ ಕೊಡುವುದು, ಜೋಡಿಸಿ ಕೊಡುವುದು

ಎಷ್ಟೇ ಹೊಸ ಹೆಸರುಗಳು ಬಂದರೂ ಇರುವ ಬಗೆ ನಾಲ್ಕೇ.

ಮೊದಲನೆಯದು ಪ್ರಿಪೇಯ್ಡ್ ಕಾರ್ಡ್ ಅಥವಾ ವಾಲೆಟ್. ನೀವು ಮೊದಲೇ ದುಡ್ಡು ಹಾಕುತ್ತೀರಿ, ಮಗು ಅಷ್ಟನ್ನು ಮಾತ್ರ ಖರ್ಚು ಮಾಡಬಹುದು. ಬಾವಿಗೆ ಹಗ್ಗ ಬಿಡುವುದು ಬೇರೆ, ಕೊಡದಲ್ಲಿ ನೀರು ತುಂಬಿ ಕೊಡುವುದು ಬೇರೆ. ಕೊಡ ಉರುಳಿದರೆ ಒಂದು ಕೊಡ ನೀರು ಹೋಯಿತು, ಅಷ್ಟೇ. ಆದರೆ ಒಂದು ಸೆಟ್ಟಿಂಗ್ ನೋಡಿಕೊಳ್ಳಿ. ಬ್ಯಾಲೆನ್ಸ್ ಕಮ್ಮಿಯಾದಾಗ ನಿಮ್ಮ ಖಾತೆಯಿಂದ ತಾನಾಗಿಯೇ ತುಂಬಿಕೊಳ್ಳುವ ಆಟೋ ಟಾಪ್-ಅಪ್ ಆನ್ ಆಗಿದ್ದರೆ ಪ್ರಿಪೇಯ್ಡ್ ಅನ್ನುವ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ಎರಡನೆಯದು ಮಗುವಿನ ಹೆಸರಿನದೇ ಬ್ಯಾಂಕ್ ಖಾತೆ, ಅದಕ್ಕೊಂದು ಡೆಬಿಟ್ ಕಾರ್ಡ್. ಭಾರತದಲ್ಲಿ 10 ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. 2025ರ ಏಪ್ರಿಲ್‌ನಲ್ಲಿ ಅದನ್ನು ಮತ್ತೆ ಒಟ್ಟುಗೂಡಿಸಿ ಹೊರಡಿಸಿತು. ಎಷ್ಟು ಮೊತ್ತದವರೆಗೆ, ಕಾರ್ಡ್ ಕೊಡಬೇಕೋ ಬೇಡವೋ ಅನ್ನುವುದು ಆಯಾ ಬ್ಯಾಂಕಿಗೆ ಬಿಟ್ಟ ವಿಷಯ. ಆದರೆ ಆ ನಿಯಮದಲ್ಲಿ ಒಂದು ಒಳ್ಳೆಯ ಷರತ್ತಿದೆ: ಅಪ್ರಾಪ್ತರ ಖಾತೆ ಯಾವತ್ತೂ ಮೈನಸ್‌ಗೆ ಹೋಗಬಾರದು. ಬೇರೆ ದೇಶದ ಖಾತೆಯಾದರೆ ಇದನ್ನು ಬಾಯಿಬಿಟ್ಟು ಕೇಳಿ. ಓವರ್‌ಡ್ರಾಫ್ಟ್ ಇರುವ, ಅಂದರೆ ಇರುವುದಕ್ಕಿಂತ ಹೆಚ್ಚು ದುಡ್ಡು ತೆಗೆಯಲು ಬಿಡುವ ಖಾತೆಯಲ್ಲಿ ಸಣ್ಣ ಖರ್ಚಿಗೆ ದೊಡ್ಡ ದಂಡ ಬೀಳಬಹುದು.

ಮೂರನೆಯದು ಹೊಸದು, ನನಗೆ ಇಷ್ಟವಾದದ್ದೂ ಇದೇ. ಖಾತೆ ನಿಮ್ಮದು, ಪಿನ್ ನಿಮ್ಮದು, ದುಡ್ಡು ಕೊಡುವ ಅಧಿಕಾರ ಮಾತ್ರ ಸ್ವಲ್ಪ ಮಗುವಿಗೆ. 2024ರ ಆಗಸ್ಟ್‌ನಲ್ಲಿ ಬಂದ ಯುಪಿಐ ಸರ್ಕಲ್ ಹೀಗೆಯೇ ಕೆಲಸ ಮಾಡುತ್ತದೆ. ಅದರಲ್ಲಿ ಎರಡು ರೀತಿ. ಒಂದರಲ್ಲಿ ಮಗು ಸ್ಕ್ಯಾನ್ ಮಾಡಿದ ತಕ್ಷಣ ನಿಮ್ಮ ಫೋನಿಗೆ ಕೇಳಿಕೆ ಬರುತ್ತದೆ, ನೀವು ಪಿನ್ ಹಾಕಿದರೆ ಮಾತ್ರ ದುಡ್ಡು ಹೋಗುತ್ತದೆ. ಇನ್ನೊಂದರಲ್ಲಿ ನೀವು ಮೊದಲೇ ಒಂದು ಮಿತಿ ಹಾಕಿಬಿಡುತ್ತೀರಿ, ಅದರೊಳಗೆ ಮಗುವೇ ಖರ್ಚು ಮಾಡಬಹುದು. ಈ ಎರಡನೇ ರೀತಿಗೆ ತಿಂಗಳಿಗೆ 15,000 ರೂಪಾಯಿ, ಒಂದು ಸಲಕ್ಕೆ 5,000 ರೂಪಾಯಿ ಗರಿಷ್ಠ ಮಿತಿ ಅಂತ ಗೊತ್ತುಮಾಡಿದ್ದಾರೆ. ನೀವು ಅದಕ್ಕಿಂತ ತುಂಬ ಕೆಳಗೆ ಇಡಬಹುದು, ಇಡಿ. ಎರಡರಲ್ಲೂ ನಿಮ್ಮ ಪಿನ್ ಮಗುವಿಗೆ ಗೊತ್ತಾಗುವ ಪ್ರಸಂಗವೇ ಇಲ್ಲ.

ಮೊದಲ ರೀತಿ ಹೆಚ್ಚು ಭದ್ರ ಅನ್ನಿಸುತ್ತದೆ, ಅಲ್ವಾ? ಪೂರ್ತಿ ಹಾಗಲ್ಲ. ನೀವು ಮೀಟಿಂಗಿನಲ್ಲಿರುತ್ತೀರಿ, ಮಗು ಕ್ಯೂನಲ್ಲಿ ನಿಂತಿರುತ್ತದೆ, ಹಿಂದಿನವರು ಗೊಣಗುತ್ತಿರುತ್ತಾರೆ. ನಾಲ್ಕು ದಿನ ಕಳೆದರೆ ನೀವು ಮೊತ್ತ ನೋಡದೆ ಪಿನ್ ಒತ್ತುವುದಕ್ಕೆ ಶುರು ಮಾಡುತ್ತೀರಿ. ಕಣ್ಣು ಮುಚ್ಚಿ ಕೊಡುವ ಒಪ್ಪಿಗೆಗಿಂತ ಸಣ್ಣ ಮಿತಿಯೇ ವಾಸಿ.

ನಾಲ್ಕನೆಯದು ನಿಮ್ಮ ಕ್ರೆಡಿಟ್ ಕಾರ್ಡಿಗೆ ಮಗುವಿನ ಹೆಸರಲ್ಲಿ ಇನ್ನೊಂದು ಆ್ಯಡ್-ಆನ್ ಕಾರ್ಡ್. ಸಾಲ ಪೂರ್ತಿ ನಿಮ್ಮದು. ಮಕ್ಕಳಿಗೆ ಅವರದೇ ಕ್ರೆಡಿಟ್ ಕಾರ್ಡ್ ಯಾಕೆ ಸಿಗುವುದಿಲ್ಲ ಅಂದರೆ, ಅಪ್ರಾಪ್ತರು ಮಾಡಿದ ಕರಾರಿಗೆ ಕಾನೂನಿನಲ್ಲಿ ಬೆಲೆ ಕಮ್ಮಿ. ಭಾರತದಲ್ಲಿ ಅಂಥ ಕರಾರು ಆಗಲೇ ಇಲ್ಲ ಅಂತಲೇ ಲೆಕ್ಕ. 1903ರ ಮೊಹೊರಿ ಬೀಬಿ ಪ್ರಕರಣದ ತೀರ್ಪು ಇವತ್ತಿಗೂ ನಿಂತಿದೆ. ಕೊಟ್ಟ ಸಾಲ ಕೋರ್ಟಿನಲ್ಲಿ ವಸೂಲಾಗುವುದಿಲ್ಲ ಅಂದಮೇಲೆ ಯಾವ ಬ್ಯಾಂಕು ಕೊಡುತ್ತದೆ? ಅಮೆರಿಕದಲ್ಲಂತೂ 2009ರ ಕಾನೂನು 21 ವರ್ಷದ ಒಳಗಿನವರಿಗೂ ಸ್ವಂತ ಆದಾಯ ತೋರಿಸಿ ಅಥವಾ ಜಾಮೀನು ತನ್ನಿ ಅನ್ನುತ್ತದೆ. ಆ್ಯಡ್-ಆನ್ ಕಾರ್ಡ್ ಕೊಡಲೇಬೇಕಾದರೆ ಅದಕ್ಕೆ ಬೇರೆ ಮಿತಿ ಹಾಕಲು ಆಗುತ್ತದಾ ಅಂತ ಮೊದಲು ಕೇಳಿ. ಆಗದಿದ್ದರೆ ಬೇಡ.

ಟ್ಯಾಪ್ ಮಾಡಿದ ಎರಡು ಸೆಕೆಂಡು

ಮಿತಿ, ಬ್ಲಾಕ್ ಅನ್ನುವುದೆಲ್ಲ ನಿಜವಾಗಿ ಎಲ್ಲಿ ಕೆಲಸ ಮಾಡುತ್ತದೆ ಅಂತ ತಿಳಿದರೆ, ಅದು ಎಲ್ಲಿ ಕೈಕೊಡುತ್ತದೆ ಅಂತಲೂ ಗೊತ್ತಾಗುತ್ತದೆ.

ಮಗು ಕಾರ್ಡನ್ನು ಮೆಷಿನ್ ಹತ್ತಿರ ಹಿಡಿಯುತ್ತದೆ. ಮೆಷಿನ್ನಿನಿಂದ ಒಂದು ಸಂದೇಶ ಹೊರಡುತ್ತದೆ. ಅದರಲ್ಲಿ ಕಾರ್ಡ್ ಸಂಖ್ಯೆ, ಮೊತ್ತ, ಯಾವ ದೇಶ, ಯಾವ ಅಂಗಡಿ ಇಷ್ಟು ಇರುತ್ತದೆ. ಜೊತೆಗೆ ನಾಲ್ಕು ಅಂಕಿಯ ಒಂದು ಕೋಡ್. ಈ ಅಂಗಡಿ ಯಾವ ತರಹದ ವ್ಯಾಪಾರ ಮಾಡುತ್ತದೆ ಅಂತ ಹೇಳುವ ಕೋಡ್ ಅದು. ದಿನಸಿ ಅಂಗಡಿಗೆ 5411, ಮದ್ಯದಂಗಡಿಗೆ 5921, ಜೂಜಿಗೆ 7995, ಎಟಿಎಂನಿಂದ ನಗದು ತೆಗೆಯುವುದಕ್ಕೆ 6011. ಸಂದೇಶ ಕಾರ್ಡ್ ಕೊಟ್ಟ ಬ್ಯಾಂಕಿಗೆ ಮುಟ್ಟುತ್ತದೆ. ಅಲ್ಲಿನ ಕಂಪ್ಯೂಟರ್ ಬ್ಯಾಲೆನ್ಸ್ ನೋಡುತ್ತದೆ, ನೀವು ಹಾಕಿದ ಮಿತಿ ನೋಡುತ್ತದೆ, ಕೋಡ್ ನೋಡುತ್ತದೆ, ಸರಿ ಅಥವಾ ಇಲ್ಲ ಅನ್ನುತ್ತದೆ. ಒಂದೆರಡು ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ.

ಮಕ್ಕಳ ಕಾರ್ಡಿನ ಆ್ಯಪಿನಲ್ಲಿ ‘ಜೂಜು ಬ್ಲಾಕ್’, ‘ಮದ್ಯ ಬ್ಲಾಕ್’ ಅಂತ ಬಟನ್ ಇರುತ್ತದಲ್ಲ, ಅದರ ಹಿಂದೆ ಇರುವುದು ಈ ನಾಲ್ಕಂಕಿಯ ಕೋಡ್ ಅಷ್ಟೇ. ಕೋಡ್ ಹೇಳುವುದು ಅಂಗಡಿ ಯಾವುದು ಅಂತ. ಚೀಲದಲ್ಲಿ ಏನಿದೆ ಅಂತ ಅದಕ್ಕೆ ಗೊತ್ತಿಲ್ಲ. ದೊಡ್ಡ ಸೂಪರ್‌ಮಾರ್ಕೆಟ್ ಒಂದು ಮದ್ಯವನ್ನೂ ಮಾರುತ್ತದೆ ಅಂದುಕೊಳ್ಳಿ. ಅದರ ಕೋಡ್ 5411. ಬ್ಯಾಂಕಿನ ಕಣ್ಣಿಗೆ ಅದು ದಿನಸಿಯೇ. ಹಾಗೆಯೇ ಒಂದು ವಾಲೆಟ್‌ಗೆ ದುಡ್ಡು ತುಂಬಿ ಅಲ್ಲಿಂದ ಇನ್ನೆಲ್ಲೋ ಖರ್ಚು ಮಾಡಿದರೆ, ಕಾರ್ಡಿಗೆ ಕಾಣುವುದು ವಾಲೆಟ್ ಮಾತ್ರ. ಬ್ಲಾಕ್ ಬಟನ್ ಬೇಡ ಅಂತಲ್ಲ, ಆನ್ ಮಾಡಿ. ಅದನ್ನೇ ನಂಬಿ ಕೂರಬೇಡಿ.

ಇನ್ನೊಂದು ಸಂದು: ಕೆಲವು ಮೆಷಿನ್‌ಗಳು, ವಿಮಾನದೊಳಗೆ ಇರುವಂಥವು, ಆ ಕ್ಷಣಕ್ಕೆ ಬ್ಯಾಂಕನ್ನು ಕೇಳುವುದೇ ಇಲ್ಲ. ಆಮೇಲೆ ಒಟ್ಟಿಗೆ ಲೆಕ್ಕ ಕಳಿಸುತ್ತವೆ. ಹಾಗಾಗಿ ಮಿತಿ ದಾಟಿದ ಸಣ್ಣ ಖರ್ಚೊಂದು ತಡವಾಗಿ ಬಂದು ಕೂತರೆ ಗಾಬರಿಯಾಗಬೇಡಿ.

ಪಕ್ಕದಲ್ಲಿ ನಿಂತವರು ಮೆಷಿನ್ ಹಿಡಿದು ಜೇಬಿನೊಳಗಿನ ಕಾರ್ಡಿನಿಂದ ದುಡ್ಡು ಎಳೆಯುತ್ತಾರೆ ಅನ್ನುವ ಭಯ ಬಹಳ ಜನಕ್ಕಿದೆ. ಇದು ವಾಟ್ಸ್‌ಆ್ಯಪ್ ಬೆಳೆಸಿದ ಭಯ. ಟ್ಯಾಪ್ ಕೆಲಸ ಮಾಡುವುದು ಕೆಲವೇ ಸೆಂಟಿಮೀಟರ್ ದೂರದಲ್ಲಿ. ಪ್ರತಿ ಸಲವೂ ಚಿಪ್ ಹೊಸ ಗುಟ್ಟಿನ ಸಂಖ್ಯೆಯೊಂದನ್ನು ಹುಟ್ಟಿಸುತ್ತದೆ, ಅದನ್ನು ಕದ್ದಿಟ್ಟುಕೊಂಡು ಇನ್ನೊಮ್ಮೆ ಬಳಸಲು ಬರುವುದಿಲ್ಲ. ಮೆಷಿನ್ ಇಟ್ಟುಕೊಳ್ಳಬೇಕಾದರೆ ಕಳ್ಳ ತನ್ನ ವಿಳಾಸ ಸಮೇತ ಬ್ಯಾಂಕಿನಲ್ಲಿ ನೋಂದಾಯಿಸಿಕೊಂಡಿರಬೇಕು. ಇಷ್ಟು ಕಷ್ಟಪಡುವ ಕಳ್ಳ ಬೇರೆ ಸುಲಭದ ದಾರಿ ನೋಡಿಕೊಳ್ಳುತ್ತಾನೆ. ಕಾರ್ಡನ್ನು ಫೋನಿಗೆ ಸೇರಿಸಿದರೆ ಇನ್ನೂ ಒಳ್ಳೆಯದು. ಫೋನಿನಲ್ಲಿ ನಿಜವಾದ ಕಾರ್ಡ್ ಸಂಖ್ಯೆ ಇರುವುದಿಲ್ಲ, ಅದರ ಬದಲಿಗೆ ಇನ್ನೊಂದು ಸಂಖ್ಯೆ ಇರುತ್ತದೆ. ಅದಕ್ಕೆ ಟೋಕನ್ ಅನ್ನುತ್ತಾರೆ. ಫೋನ್ ಹೋದರೆ ಆ ಟೋಕನ್ ರದ್ದು ಮಾಡಿದರೆ ಸಾಕು, ಕಾರ್ಡ್ ಹಾಗೆಯೇ ಉಳಿಯುತ್ತದೆ.

ಎಳೆದುಕೊಳ್ಳುವ ದುಡ್ಡು, ತಳ್ಳುವ ದುಡ್ಡು

ಈ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕಾರ್ಡಿನಲ್ಲಿ ಅಂಗಡಿಯವನು ನಿಮ್ಮ ಖಾತೆಯಿಂದ ದುಡ್ಡು ಎಳೆದುಕೊಳ್ಳುತ್ತಾನೆ. ಮೋಸ ಅಂತ ಗೊತ್ತಾದರೆ ಅದನ್ನು ಪ್ರಶ್ನಿಸಿ ವಾಪಸ್ ತರಿಸುವ ಪದ್ಧತಿ ಕಾರ್ಡ್ ಕಂಪನಿಗಳಲ್ಲಿ ಮೊದಲಿನಿಂದ ಇದೆ. ಯುಪಿಐ ತರಹದ, ಖಾತೆಯಿಂದ ಖಾತೆಗೆ ಹೋಗುವ ಪಾವತಿಯಲ್ಲಿ ದುಡ್ಡನ್ನು ತಳ್ಳುವವರು ನಾವೇ. ಪಿನ್ ಹಾಕಿದ್ದು ನೀವೇ, ಅಂದಮೇಲೆ ಒಪ್ಪಿಗೆ ಕೊಟ್ಟಿದ್ದೀರಿ ಅಂತಲೇ ಲೆಕ್ಕ. ಕ್ಷಣದಲ್ಲಿ ಹೋಗುತ್ತದೆ, ಹೋದದ್ದು ಬರುವುದು ಕಷ್ಟ. ಬ್ರಿಟನ್ 2024ರ ಅಕ್ಟೋಬರ್‌ನಲ್ಲಿ ಇಂಥ ಮೋಸಕ್ಕೂ ಬ್ಯಾಂಕುಗಳೇ 85,000 ಪೌಂಡ್‌ವರೆಗೆ ದುಡ್ಡು ಹಿಂದಿರುಗಿಸಬೇಕು ಅಂತ ಕಡ್ಡಾಯ ಮಾಡಿತು. ಎಲ್ಲ ಕಡೆ ಹೀಗಿಲ್ಲ.

ಅದಕ್ಕೇ ಮೋಸಗಾರರು ಕಾರ್ಡ್ ಕದಿಯುವ ಗೋಜಿಗೆ ಹೋಗುವುದು ಕಮ್ಮಿ. ಮಗುವೇ ದುಡ್ಡು ತಳ್ಳುವ ಹಾಗೆ ಮಾಡುತ್ತಾರೆ. ಆಟದಲ್ಲಿ ಅಪರೂಪದ ಸ್ಕಿನ್ (ಪಾತ್ರಕ್ಕೆ ತೊಡಿಸುವ ವೇಷ) ಅರ್ಧ ಬೆಲೆಗೆ ಕೊಡುತ್ತೇನೆ ಅನ್ನುತ್ತಾರೆ. ಮ್ಯಾಚಿನ ಟಿಕೆಟ್ ಇದೆ ಅನ್ನುತ್ತಾರೆ. ಗೆಳೆಯನ ಅಕೌಂಟನ್ನೇ ಹ್ಯಾಕ್ ಮಾಡಿ ‘ಅರ್ಜೆಂಟ್ ಕಣೋ, ಸಂಜೆ ಕೊಡ್ತೀನಿ’ ಅಂತ ಮೆಸೇಜ್ ಹಾಕುತ್ತಾರೆ. ದುಡ್ಡು ‘ಪಡೆಯಲು’ ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕು ಅನ್ನುತ್ತಾರೆ. ದುಡ್ಡು ಪಡೆಯುವುದಕ್ಕೆ ಪಿನ್ ಬೇಕಾಗಿಯೇ ಇಲ್ಲ. ಪಿನ್ ಕೇಳಿತು ಅಂದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ. ಇದನ್ನು ಮಕ್ಕಳಿಗೆ ಒಂದು ಸಲ ಹೇಳಿದರೆ ಸಾಲದು, ಫೋನ್ ಕೈಗೆ ಕೊಟ್ಟು ಒಂದು ರೂಪಾಯಿ ಕಳಿಸಿ ತೋರಿಸಿ. ಪಡೆದವರ ಫೋನು ಏನನ್ನೂ ಕೇಳಲಿಲ್ಲ ಅನ್ನುವುದು ಕಣ್ಣಾರೆ ಕಂಡರೆ ಮರೆಯುವುದಿಲ್ಲ.

ಇನ್ನೂ ಕೆಟ್ಟದ್ದೊಂದಿದೆ. ಖಾತೆಗೆ ಯಾರೋ ಗೊತ್ತಿಲ್ಲದವರಿಂದ ದುಡ್ಡು ಬರುತ್ತದೆ. ಹಿಂದೆಯೇ ಮೆಸೇಜ್: ತಪ್ಪಿ ನಿನಗೆ ಬಂತು, ಈ ಇನ್ನೊಂದು ಖಾತೆಗೆ ಕಳಿಸಿಬಿಡು, ನೂರಿನ್ನೂರು ನೀನೇ ಇಟ್ಟುಕೋ. ಮಗು ಒಳ್ಳೆಯತನದಿಂದ ಕಳಿಸಿಬಿಡುತ್ತದೆ. ಆ ದುಡ್ಡು ಇನ್ಯಾರಿಂದಲೋ ಲಪಟಾಯಿಸಿದ್ದು. ಪೊಲೀಸರು ಜಾಡು ಹಿಡಿದು ಬಂದಾಗ ಸಿಗುವುದು ಮಗುವಿನ ಖಾತೆ. ಇಂಥ ಖಾತೆಗೆ ಮ್ಯೂಲ್ ಖಾತೆ ಅಂತ ಹೆಸರು. ಕೆಲವರು ನೇರವಾಗಿ ಖಾತೆಯನ್ನು ಬಾಡಿಗೆಗೇ ಕೇಳುತ್ತಾರೆ, ಸುಮ್ನೆ ಕಾರ್ಡ್, ಪಿನ್ ಕೊಡು, ತಿಂಗಳಿಗಿಷ್ಟು ಅಂತ. ಖಾತೆ ಫ್ರೀಜ್ ಆಗುವುದಂತೂ ಖಂಡಿತ, ಕೇಸೂ ಬೀಳಬಹುದು. ಗೊತ್ತಿಲ್ಲದ ದುಡ್ಡು ಬಂದರೆ ಮುಟ್ಟಬಾರದು, ವಾಪಸ್ಸೂ ಕಳಿಸಬಾರದು, ಬ್ಯಾಂಕಿಗೆ ಹೇಳಬೇಕು. ಹಿಂದಿರುಗಿಸುವುದು ಬ್ಯಾಂಕಿನ ಕೆಲಸ. ಹದಿಹರೆಯದವರಿಗೆ ಇದನ್ನು ಹೇಳುವವರು ಕಮ್ಮಿ. ಸಣ್ಣ ಬ್ಯಾಲೆನ್ಸ್ ಇಟ್ಟು ಕಾಪಾಡಿಕೊಳ್ಳಲು ಆಗದ ಅಪಾಯ ಇದೊಂದೇ, ಯಾಕೆಂದರೆ ಇಲ್ಲಿ ಬರುವ ದುಡ್ಡೇ ತೊಂದರೆ.

ಆಟದೊಳಗಿನ ಅಂಗಡಿ

ಮಕ್ಕಳ ದುಡ್ಡು ಹೆಚ್ಚಾಗಿ ಸೋರುವುದು ಬೀದಿಯಲ್ಲಿ ಅಲ್ಲ, ಫೋನಿನ ಆಟದಲ್ಲಿ. ಇದು ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿಯ ಕಡತಗಳಲ್ಲೇ ಸಾಕ್ಷಿ ಇದೆ. ಆ್ಯಪಲ್ ಫೋನಿನಲ್ಲಿ ಅಪ್ಪ ಅಮ್ಮ ಒಂದು ಸಲ ಪಾಸ್‌ವರ್ಡ್ ಹಾಕಿದರೆ ಮುಂದಿನ 15 ನಿಮಿಷ ಮತ್ತೆ ಪಾಸ್‌ವರ್ಡ್ ಕೇಳುತ್ತಿರಲಿಲ್ಲ. ಒಂದಕ್ಕೆ ಒಪ್ಪಿಗೆ ಕೊಟ್ಟೆ ಅಂದುಕೊಂಡವರು ಅಷ್ಟು ಹೊತ್ತಿನ ಎಲ್ಲ ಖರೀದಿಗೂ ಬಾಗಿಲು ತೆರೆದಿದ್ದರು. 2014ರಲ್ಲಿ ಆ್ಯಪಲ್ ಕನಿಷ್ಠ 3.25 ಕೋಟಿ ಡಾಲರ್ ವಾಪಸ್ ಕೊಡಲು ಒಪ್ಪಿತು. ಅದೇ ವರ್ಷ ಗೂಗಲ್ ಕನಿಷ್ಠ 1.9 ಕೋಟಿ ಡಾಲರ್‌ಗೆ ಒಪ್ಪಿತು. ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ ಮೇಲಿನ ಪ್ರಕರಣ ಇನ್ನೂ ದೊಡ್ಡದು. ಬಟನ್‌ಗಳನ್ನು ಗೊಂದಲವಾಗುವ ಹಾಗೆ ಇಟ್ಟು, ಕಾರ್ಡನ್ನು ತಾನಾಗಿಯೇ ಸೇವ್ ಮಾಡಿಕೊಂಡು ಮಕ್ಕಳಿಂದ ಖರೀದಿ ಮಾಡಿಸಿತು ಅನ್ನುವ ಆರೋಪಕ್ಕೆ 24.5 ಕೋಟಿ ಡಾಲರ್ ಹಿಂದಿರುಗಿಸಬೇಕಾಯಿತು. 2022ರ ಕೊನೆಯಲ್ಲಿ ಪ್ರಕಟವಾದ ಒಪ್ಪಂದ ಅದು.

ಮಕ್ಕಳಿಗೆ ಬುದ್ಧಿಯಿಲ್ಲ ಅಂತ ಬೈಯುವ ಮುಂಚೆ ಈ ಅಂಕಿಗಳನ್ನು ನೋಡಬೇಕು. ಬಟನ್ ಎಲ್ಲಿರಬೇಕು ಅಂತ ತಲೆ ಕೆಡಿಸಿಕೊಳ್ಳುವುದಕ್ಕೇ ಸಂಬಳ ತೆಗೆದುಕೊಳ್ಳುವವರ ಎದುರು ಹದಿನಾಲ್ಕರ ಹುಡುಗ ಕೂತಿರುತ್ತಾನೆ.

ಪರಿಹಾರ ಕಷ್ಟದ್ದಲ್ಲ. ಮಗು ಬಳಸುವ ಫೋನ್, ಟ್ಯಾಬ್, ಗೇಮ್ ಕನ್ಸೋಲ್ ಯಾವುದರಲ್ಲೂ ನಿಮ್ಮ ಕಾರ್ಡ್ ಸೇವ್ ಆಗಿರಬಾರದು. ಇವತ್ತೇ ತೆಗೆದು ನೋಡಿ, ಹಳೆಯದೊಂದು ಇದ್ದೇ ಇರುತ್ತದೆ. ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಸೆಟ್ಟಿಂಗ್ ಇಡಿ. ಆಟಕ್ಕೆ ದುಡ್ಡು ಬೇಕೇ ಬೇಕು ಅಂದರೆ ಆ ಆ್ಯಪ್ ಸ್ಟೋರಿನದೇ ಗಿಫ್ಟ್ ಕಾರ್ಡ್ ಹಾಕಿಕೊಡಿ, ಅಷ್ಟಕ್ಕೇ ನಿಲ್ಲುತ್ತದೆ. ಆದರೆ ಗಿಫ್ಟ್ ಕಾರ್ಡಿನ ಕೋಡನ್ನು ಯಾರಿಗೂ ಓದಿ ಹೇಳಬಾರದು ಅಂತಲೂ ಜೊತೆಗೇ ಹೇಳಿ. ಆ ಕೋಡ್ ಗೊತ್ತಾದವರದೇ ಆ ದುಡ್ಡು. ‘ಫ್ರೀ ಟ್ರಯಲ್’ಗೆ ಅಂತ ಕಾರ್ಡ್ ಕೊಟ್ಟರೆ ತಿಂಗಳು ಕಳೆದ ಮೇಲೆ ಕಟ್ ಆಗಲು ಶುರುವಾಗುತ್ತದೆ. ಇಲ್ಲಿ ಖಾಲಿ ಪ್ರಿಪೇಯ್ಡ್ ಕಾರ್ಡ್ ಒಂದು ವರ.

ನೋಡುವುದು ಎಷ್ಟು, ಬಿಡುವುದು ಎಷ್ಟು

ಮಗು ಎಲ್ಲಿ ಎಷ್ಟು ಕೊಟ್ಟಿತು ಅಂತ ಕ್ಷಣಕ್ಷಣಕ್ಕೂ ನಿಮ್ಮ ಫೋನ್ ಟಿಣ್ ಅನ್ನುವುದು ಈ ಆ್ಯಪ್‌ಗಳ ದೊಡ್ಡ ಆಕರ್ಷಣೆ. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಹದಿಮೂರಕ್ಕೆ ಸರಿ ಇರಬಹುದು. ಹದಿನೇಳಕ್ಕೆ ಪ್ರತಿ ಖರ್ಚಿಗೂ ‘ಅದೇನು ಅಲ್ಲಿ?’ ಅಂತ ಫೋನ್ ಮಾಡಿದರೆ ಮಗು ನಗದಿಗೆ ವಾಪಸ್ ಹೋಗುತ್ತದೆ, ಅಥವಾ ಗೆಳೆಯನ ಕೈಯಲ್ಲಿ ಕೊಡಿಸಿ ಅವನಿಗೆ ದುಡ್ಡು ಕಳಿಸುತ್ತದೆ. ಆಮೇಲೆ ನಿಮಗೆ ಏನೂ ಕಾಣುವುದಿಲ್ಲ. ಅಲರ್ಟ್ ಮಗುವಿನ ಫೋನಿಗೂ ಬರುವ ಹಾಗೆ ಮಾಡಿ. ತಾನು ಮಾಡದ ಖರ್ಚನ್ನು ಎಲ್ಲರಿಗಿಂತ ಮೊದಲು ಗುರುತಿಸುವುದು ಅದೇ. ನೀವು ವಾರಕ್ಕೊಮ್ಮೆ ನೋಡಿ. ಮಿತಿ ಬಿಗಿಯಾಗಿದ್ದರೆ ಕಣ್ಣು ಸಡಿಲ ಬಿಡಬಹುದು.

ಮೋಸ ಹೋದ ಮಗು ಮೊದಲು ಮುಚ್ಚಿಡುವುದು ನಿಮ್ಮಿಂದ. ಬೈಯುತ್ತಾರೆ ಅನ್ನುವ ಭಯ. ಅಷ್ಟರಲ್ಲಿ ಹೊತ್ತು ಹೋಗುತ್ತದೆ, ಇಲ್ಲಿ ಹೊತ್ತೇ ದುಡ್ಡು. ಅಮೆರಿಕದ ನಿಯಮದಲ್ಲಿ ಡೆಬಿಟ್ ಕಾರ್ಡ್ ಕಳೆದದ್ದು ಗೊತ್ತಾದ ಎರಡು ಕೆಲಸದ ದಿನದೊಳಗೆ ಹೇಳಿದರೆ ನಿಮ್ಮ ನಷ್ಟ 50 ಡಾಲರ್ ದಾಟುವುದಿಲ್ಲ. ತಡವಾದರೆ 500ಕ್ಕೆ ಏರುತ್ತದೆ. ಬ್ಯಾಂಕಿನದೂ ಅಲ್ಲ ಗ್ರಾಹಕರದೂ ಅಲ್ಲ ಅನ್ನುವ ತಪ್ಪಿನಿಂದ ದುಡ್ಡು ಹೋಗಿದ್ದರೆ, ಭಾರತದಲ್ಲಿ ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ಸೊನ್ನೆ. ಆನ್‌ಲೈನ್ ಮೋಸಕ್ಕೆ 1930 ಸಹಾಯವಾಣಿ ಇದೆ. ಮೋಸಗಾರ ದುಡ್ಡನ್ನು ಮುಂದೆ ಸಾಗಿಸುವ ಮುಂಚೆ ಕರೆ ಹೋದರೆ ಅದನ್ನು ತಡೆಹಿಡಿಯುವ ಅವಕಾಶ ಇರುತ್ತದೆ. ಹಾಗಾಗಿ ‘ಏನೇ ಆಗಲಿ, ಮೊದಲು ಕಾರ್ಡ್ ಫ್ರೀಜ್ ಮಾಡು, ಆಮೇಲೆ ನನಗೆ ಫೋನ್ ಮಾಡು, ಬೈಯಲ್ಲ’ ಅಂತ ಮೊದಲೇ ಮಾತು ಕೊಟ್ಟಿರಿ. ಕೊಟ್ಟ ಮೇಲೆ ಬೈಯಬೇಡಿ. ಫ್ರೀಜ್ ಬಟನ್ ಎಲ್ಲಿದೆ ಅಂತ ಮಗು ಒಂದು ಸಲ ಒತ್ತಿ ತೆಗೆದು ನೋಡಿರಬೇಕು. ಫೋನೇ ಹೋದರೆ ಏನು ಮಾಡುವುದು? ಬ್ಯಾಂಕಿನ ನಂಬರ್ ಒಂದು ಚೀಟಿಯಲ್ಲಿ ಬ್ಯಾಗಿನೊಳಗೆ ಇರಲಿ.

ಆ ಬ್ಯಾಗಿನಲ್ಲೇ ಮನೆಗೆ ಬರುವಷ್ಟು ನಗದೂ ಇರಲಿ. ಚಾರ್ಜ್ ಮುಗಿಯುತ್ತದೆ, ನೆಟ್‌ವರ್ಕ್ ಹೋಗುತ್ತದೆ, ಕೆಲವು ಸಲ ಕಂಪನಿಯೇ ಮುಳುಗುತ್ತದೆ. 2020ರ ಜೂನ್‌ನಲ್ಲಿ ಜರ್ಮನಿಯ ಪಾವತಿ ಕಂಪನಿ ವೈರ್‌ಕಾರ್ಡ್ ಕುಸಿದಾಗ ಬ್ರಿಟನ್ನಿನಲ್ಲಿ ಅದರ ಮೇಲೆ ನಿಂತಿದ್ದ ಪ್ರಿಪೇಯ್ಡ್ ಕಾರ್ಡುಗಳೆಲ್ಲ ಕೆಲವು ದಿನ ಸ್ತಬ್ಧವಾದವು. ಕಾರ್ಡಿನ ಮೇಲೆ ಬೇರೆ ಬೇರೆ ಹೆಸರು ಅಚ್ಚಾಗಿತ್ತು, ಹಿಂದೆ ಇದ್ದದ್ದು ಒಂದೇ ಕಂಪನಿ. 2024ರಲ್ಲಿ ಆ್ಯಪ್‌ಗಳಿಗೂ ಬ್ಯಾಂಕುಗಳಿಗೂ ನಡುವೆ ನಿಂತಿದ್ದ ಅಮೆರಿಕದ ಕಂಪನಿ ಸಿನಾಪ್ಸ್ ದಿವಾಳಿಯಾದಾಗಲೂ ಹಲವು ಆ್ಯಪ್‌ಗಳ ಗ್ರಾಹಕರ ದುಡ್ಡು ಸಿಕ್ಕಿಬಿತ್ತು. ಕಾರ್ಡಿನ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಯಾವ ಬ್ಯಾಂಕಿನ ಹೆಸರಿದೆ ಅಂತ ಓದಿ. ಅದರಲ್ಲಿ ಒಂದು ತಿಂಗಳ ಕೈಖರ್ಚಿಗಿಂತ ಜಾಸ್ತಿ ಇಡಬೇಡಿ, ಉಳಿತಾಯ ಬೇರೆ ಕಡೆ ಇರಲಿ.

18 ತುಂಬಿದ ದಿನಕ್ಕೆ ಮುಂಚೆಯೇ ಬ್ಯಾಂಕಿಗೆ ಹೋಗಿ ಕೇಳುವುದು ಒಳ್ಳೆಯದು. ಅಪ್ರಾಪ್ತರ ಖಾತೆ ಮಾಮೂಲಿ ಖಾತೆಯಾಗುತ್ತದೆ, ಹೊಸ ಸಹಿ ಮತ್ತು ದಾಖಲೆ ಕೇಳುತ್ತಾರೆ, ಕೊಡುವವರೆಗೆ ಖಾತೆ ನಿಲ್ಲಿಸಿಯೂ ಇಡಬಹುದು. ನೀವು ಹಾಕಿದ್ದ ಮಿತಿಗಳು ಬಿದ್ದುಹೋಗುತ್ತವೆ, ನಿಮಗೆ ಖಾತೆ ಕಾಣುವುದು ನಿಲ್ಲುತ್ತದೆ. ಕ್ರೆಡಿಟ್ ಕಾರ್ಡ್, ಸಾಲದ ಆ್ಯಪ್‌ಗಳ ಫೋನು ಶುರುವಾಗುವುದೂ ಆಗಲೇ. ಮಿತಿಯನ್ನು ಆ ದಿನದವರೆಗೆ ಒಂದೇ ಮಟ್ಟದಲ್ಲಿ ಇಟ್ಟು ಒಮ್ಮೆಲೇ ಬಿಡುವುದಕ್ಕಿಂತ, ಹದಿನಾರರಿಂದಲೇ ವರ್ಷಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ಏರಿಸುತ್ತಾ ಬನ್ನಿ. ಮೊದಲು ವಾರದ ದುಡ್ಡು, ಆಮೇಲೆ ತಿಂಗಳದ್ದು, ಆಮೇಲೆ ತನ್ನ ಮೊಬೈಲ್ ರೀಚಾರ್ಜನ್ನೂ ಅದರಲ್ಲೇ ಮಾಡಿಕೊಳ್ಳಲಿ. ತಿಂಗಳ ಇಪ್ಪತ್ತಕ್ಕೇ ಖಾಲಿ ಮಾಡಿಕೊಂಡರೆ ಉಳಿದ ಹತ್ತು ದಿನ ತುಂಬಿಸಬೇಡಿ.